ಹಡಗಿನ ತಾಮ್ರದಿಂದ ಪಿಕಪ್ ಗಾಡಿಯ ಟಾಪ್‌ವರೆಗೆ: ಹಂಫ್ರಿ ಡೇವಿಯ ಕಥೆ

ಹಳೇ ಪಿಕಪ್ ಗಾಡಿಯ ಕ್ಯಾಬಿನ್ ಟಾಪನ್ನ ಯಾವತ್ತಾದ್ರೂ ಹತ್ತಿರದಿಂದ ನೋಡಿದ್ದೀರಾ? ಬಾಗಿಲು, ಬಂಪರ್ ಎಲ್ಲರ ಕಣ್ಣಿಗೂ ಬೀಳುತ್ತೆ. ಟಾಪ್ ಮಾತ್ರ ಯಾರ ಕಣ್ಣಿಗೂ ಬೀಳಲ್ಲ. ಮಳೆಗಾಲದಲ್ಲಿ ಡ್ರೈವರ್ ತಲೆ ಮೇಲೆ ನೀರು ತೊಟ್ಟಿಕ್ಕಿದಾಗಲೇ ಅಲ್ಲಿ ತುಕ್ಕು ಹಿಡಿದಿದೆ ಅಂತ ಗೊತ್ತಾಗೋದು. ಆಮೇಲೆ ಗಾಡಿ ಟಿಂಕರಿಂಗ್ ಶೆಡ್‌ಗೆ ಹೋಗುತ್ತೆ. ಅಲ್ಲಿ ತುಕ್ಕು ಕೆರೆದು, ತೂತು ಮುಚ್ಚಿ, ಬಣ್ಣಕ್ಕಿಂತ ಮೊದಲು ಬೂದು ಬಣ್ಣದ ಒಂದು ಪ್ರೈಮರ್ ಹೊಡೀತಾರೆ. ಒಳ್ಳೆ ಕೆಲಸಗಾರರಾದ್ರೆ ಅದರಲ್ಲಿ ಸತು ಇರೋದನ್ನೇ ಆರಿಸ್ತಾರೆ.

ಕಬ್ಬಿಣದ ತಗಡಿಗೆ ಸತು ಯಾಕೆ? ಇದಕ್ಕೆ ಉತ್ತರ ನಮಗೆಲ್ಲ ಗೊತ್ತು. ಫಸ್ಟ್ ಇಯರ್ ಕೆಮಿಸ್ಟ್ರಿಯ ಕರೋಷನ್ ಚಾಪ್ಟರ್‌ನಲ್ಲಿ ಸ್ಯಾಕ್ರಿಫಿಷಿಯಲ್ ಆನೋಡ್ ಅಂತ ಬರುತ್ತೆ. ಎರಡು ಮಾರ್ಕ್ಸಿಗೆ ಡೆಫಿನಿಷನ್ ಬರೀತೀವಿ, ಪರೀಕ್ಷೆ ಮುಗಿದ ಮೇಲೆ ಮರೀತೀವಿ. ಆದರೆ ಆ ಎರಡು ಮಾರ್ಕ್ಸಿನ ಹಿಂದೆ ಒಬ್ಬ ಮನುಷ್ಯ ಇದ್ದಾನೆ. ತನ್ನ ಕಾಲದ ಅತಿ ದೊಡ್ಡ ರಸಾಯನ ವಿಜ್ಞಾನಿ ಅನ್ನಿಸಿಕೊಂಡಿದ್ದವನು. ಅವನು ಮಾಡಿದ ಒಂದು ಪ್ರಯೋಗ ಲ್ಯಾಬಿನಲ್ಲಿ ನೂರಕ್ಕೆ ನೂರು ಸರಿ ಬಂತು. ಅದೇ ಪ್ರಯೋಗದಿಂದ ಊರೆಲ್ಲ ನಗುವ ಹಾಗೂ ಆಯ್ತು. ಅವನೇ ಸರ್ ಹಂಫ್ರಿ ಡೇವಿ.

ಸಮುದ್ರದ ಊರಿನ ಹುಡುಗ

ಡೇವಿ ಹುಟ್ಟಿದ್ದು 1778ರ ಡಿಸೆಂಬರ್ 17ರಂದು, ಇಂಗ್ಲೆಂಡಿನ ತುತ್ತತುದಿಯ ಕಾರ್ನ್‌ವಾಲ್‌ನ ಪೆನ್‌ಝಾನ್ಸ್ ಅನ್ನೋ ಊರಲ್ಲಿ. ಮೂರು ಕಡೆ ಸಮುದ್ರ, ಒಳಗಡೆ ತಾಮ್ರ ಮತ್ತು ತವರದ ಗಣಿಗಳು. ಅಪ್ಪ ಮರದ ಕೆತ್ತನೆ ಕೆಲಸ ಮಾಡ್ತಿದ್ದ. ಐದು ಮಕ್ಕಳಲ್ಲಿ ಡೇವಿಯೇ ದೊಡ್ಡವನು. ಅವನಿಗೆ ಹದಿನಾರು ತುಂಬೋ ಹೊತ್ತಿಗೆ ಅಪ್ಪ ತೀರಿಕೊಂಡ, ಬಿಟ್ಟು ಹೋಗಿದ್ದು ಸಾಲ ಮಾತ್ರ. ಅಮ್ಮ ಅಂಗಡಿ ನಡೆಸಿ ಸಂಸಾರ ತೂಗಿಸಿದಳು. ಡೇವಿಯನ್ನ ಊರಿನ ವೈದ್ಯರೊಬ್ಬರ ಹತ್ತಿರ ಕೆಲಸ ಕಲಿಯೋಕೆ ಬಿಟ್ಟರು. ಔಷಧಿ ಅರೆಯೋದು, ಕಷಾಯ ಕಾಯಿಸೋದು, ಇದೇ ಅವನ ಮೊದಲ ಲ್ಯಾಬ್.

ಅವನಿಗೆ ಕಾಲೇಜೂ ಇಲ್ಲ, ಡಿಗ್ರಿಯೂ ಇಲ್ಲ. ಫ್ರಾನ್ಸಿನ ಲವಾಸಿಯೇ ಬರೆದ ರಸಾಯನಶಾಸ್ತ್ರದ ಪುಸ್ತಕ ಕೈಗೆ ಸಿಕ್ಕಿತು, ಅದನ್ನ ಓದಿ ತಾನೇ ಕಲಿತ. ಊರಲ್ಲಿ ಕುದುರೆ ಜೀನು ಹೊಲಿಯುವ ರಾಬರ್ಟ್ ಡಂಕಿನ್ ಅನ್ನೋರು ಇದ್ದರು. ವಿಜ್ಞಾನದ ಹುಚ್ಚು ಇದ್ದ ಮನುಷ್ಯ, ತಾವೇ ಉಪಕರಣ ಮಾಡಿಕೊಂಡು ಡೇವಿಗೆ ಪ್ರಯೋಗ ಮಾಡಿ ತೋರಿಸ್ತಿದ್ದರು. ಅಂದರೆ ಇವನ ಮೊದಲ ಪ್ರೊಫೆಸರ್ ಒಬ್ಬ ಚರ್ಮದ ಕೆಲಸದವರು!

ಆಗಲೇ ಅವನ ಕಣ್ಣಿಗೆ ಬಿದ್ದದ್ದು ಹತ್ತಿರದ ಹೇಲ್ ಬಂದರಿನ ತೂಬಿನ ಬಾಗಿಲುಗಳು. ಅವುಗಳಲ್ಲಿ ತಾಮ್ರವೂ ಇತ್ತು, ಕಬ್ಬಿಣವೂ ಇತ್ತು. ಎರಡೂ ಒಂದಕ್ಕೊಂದು ತಾಗಿಕೊಂಡು ಉಪ್ಪುನೀರಲ್ಲಿ ನಿಂತಿದ್ದವು, ನೋಡ್ತಾ ನೋಡ್ತಾ ತಿಂದುಹೋಗ್ತಿದ್ದವು. ಯಾಕೆ ಅಂತ ಆಗ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ವೋಲ್ಟಾನ ಬ್ಯಾಟರಿಯೇ ಇನ್ನೂ ಬಂದಿರಲಿಲ್ಲ. ಈ ಬಾಗಿಲುಗಳನ್ನ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಗ್ಯಾಸು, ಕರೆಂಟು, ಹೊಸ ಲೋಹಗಳು

1798ರಲ್ಲಿ, ಇನ್ನೂ ಇಪ್ಪತ್ತು ತುಂಬೋ ಮೊದಲೇ, ಡೇವಿ ಬ್ರಿಸ್ಟಲ್‌ಗೆ ಹೋದ. ಅಲ್ಲಿ ಥಾಮಸ್ ಬೆಡೋಸ್ ಅನ್ನೋ ವೈದ್ಯರು ಗಾಳಿ, ಗ್ಯಾಸುಗಳಿಂದ ಕಾಯಿಲೆ ವಾಸಿ ಮಾಡಬಹುದಾ ಅಂತ ನೋಡೋಕೆ ಒಂದು ಸಂಸ್ಥೆ ಮಾಡಿದ್ದರು. ಡೇವಿಯ ಕೆಲಸ ಗ್ಯಾಸು ತಯಾರಿಸೋದು ಮತ್ತು ಪರೀಕ್ಷೆ ಮಾಡೋದು. ಪರೀಕ್ಷೆ ಅಂದ್ರೆ ತಾನೇ ಮೂಗಿಗೆ ಹಿಡಿದು ಎಳೆಯೋದು! ನೈಟ್ರಸ್ ಆಕ್ಸೈಡ್ ಎಳೆದಾಗ ನಗು ಬಂತು, ನೋವು ಮರೆತುಹೋಯ್ತು. ಇದನ್ನ ಆಪರೇಷನ್ ಟೈಮಲ್ಲಿ ಬಳಸಬಹುದು ಅಂತ 1800ರ ತನ್ನ ಪುಸ್ತಕದಲ್ಲೇ ಬರೆದ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮುಂದಿನ ನಲವತ್ತು ವರ್ಷಕ್ಕೂ ಹೆಚ್ಚು ಕಾಲ ಜನ ಎಚ್ಚರವಿದ್ದೇ ಆಪರೇಷನ್ ಮಾಡಿಸಿಕೊಂಡರು.

1801ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ ಅವನನ್ನ ಕರೆಸಿಕೊಂಡಿತು. ಆಗ ವಯಸ್ಸು 22, ಹೆಚ್ಚುಕಮ್ಮಿ ನಮ್ಮ ಫೈನಲ್ ಇಯರ್‌ನವರ ವಯಸ್ಸು. ಅವನ ಲೆಕ್ಚರ್ ಅಂದ್ರೆ ಜನ ಮುಗಿಬೀಳ್ತಿದ್ದರು. ಹೊರಗೆ ಕುದುರೆಗಾಡಿಗಳ ಜಾಮ್ ಎಷ್ಟಾಗ್ತಿತ್ತು ಅಂದ್ರೆ ಆ ರಸ್ತೆಯನ್ನೇ ಲಂಡನ್ನಿನ ಮೊದಲ ಒನ್‌ವೇ ಮಾಡಬೇಕಾಯ್ತು ಅಂತ ಹೇಳ್ತಾರೆ. ಅಟೆಂಡೆನ್ಸ್ ಕಂಪಲ್ಸರಿ ಇಲ್ಲದೆಯೂ ಕ್ಲಾಸ್ ತುಂಬಬಹುದು ಅನ್ನೋದಕ್ಕೆ ಸಾಕ್ಷಿ.

1800ರಲ್ಲಿ ವೋಲ್ಟಾನ ಬ್ಯಾಟರಿ ಬಂದಿತ್ತು. ಎಲ್ಲರೂ ಅದರಿಂದ ಕಿಡಿ ಹಾರಿಸಿ ಖುಷಿಪಡ್ತಿದ್ದಾಗ ಡೇವಿ ಬೇರೆ ಥರ ಯೋಚಿಸಿದ. ರಾಸಾಯನಿಕ ಕ್ರಿಯೆಯಿಂದ ವಿದ್ಯುತ್ ಬರುತ್ತೆ ಅಂದ್ರೆ ವಿದ್ಯುತ್ತಿನಿಂದ ರಾಸಾಯನಿಕಗಳನ್ನ ಬಿಡಿಸೋಕೂ ಆಗಬೇಕು. 1807ರ ಅಕ್ಟೋಬರ್‌ನಲ್ಲಿ ಕರಗಿದ ಪೊಟ್ಯಾಷ್ ಮೂಲಕ ಕರೆಂಟ್ ಹಾಯಿಸಿದಾಗ ಬೆಳ್ಳಿಯಂಥ ಸಣ್ಣ ಸಣ್ಣ ಹನಿಗಳು ಕಾಣಿಸಿಕೊಂಡು ಹೊತ್ತಿ ಉರಿದವು. ಅದೇ ಪೊಟ್ಯಾಸಿಯಂ. ಕೆಲವೇ ದಿನದಲ್ಲಿ ಸೋಡಿಯಂ. ಮುಂದಿನ ವರ್ಷ ಕ್ಯಾಲ್ಸಿಯಂ, ಬೇರಿಯಂ, ಸ್ಟ್ರಾನ್ಷಿಯಂ, ಮೆಗ್ನೀಷಿಯಂ. ಪೀರಿಯಾಡಿಕ್ ಟೇಬಲ್ಲಿನ ಎಡಗಡೆಯ ಎರಡು ಕಾಲಂಗಳಲ್ಲಿ ಆರು ಧಾತುಗಳನ್ನ ಬೇರೆ ಮಾಡಿ ತೋರಿಸಿದವನು ಒಬ್ಬನೇ ಮನುಷ್ಯ. ಇಂಗ್ಲೆಂಡಿಗೂ ಫ್ರಾನ್ಸಿಗೂ ಯುದ್ಧ ನಡೀತಿದ್ದರೂ ನೆಪೋಲಿಯನ್ ಇಟ್ಟಿದ್ದ ಬಹುಮಾನವನ್ನ ಫ್ರಾನ್ಸಿನವರು ಇವನಿಗೇ ಕೊಟ್ಟರು.

1812ರಲ್ಲಿ ಸರ್ ಪದವಿ ಬಂತು, ಶ್ರೀಮಂತ ವಿಧವೆ ಜೇನ್ ಏಪ್ರೀಸ್ ಜೊತೆ ಮದುವೆಯೂ ಆಯ್ತು. ಅದೇ ವರ್ಷ ನೈಟ್ರೋಜನ್ ಟ್ರೈಕ್ಲೋರೈಡ್ ಸಿಡಿದು ಕಣ್ಣಿಗೆ ಏಟಾಯ್ತು. ಬರೆಯೋಕೆ ಒಬ್ಬ ಸಹಾಯಕ ಬೇಕಾದ. ಬಂದವನು ಪುಸ್ತಕಕ್ಕೆ ಬೈಂಡ್ ಹಾಕುವ ಕೆಲಸ ಕಲಿತಿದ್ದ ಒಬ್ಬ ಬಡ ಹುಡುಗ. ಡೇವಿಯ ಲೆಕ್ಚರುಗಳನ್ನ ಕೇಳಿ, ನೋಟ್ಸ್ ಬರೆದು, ಅದಕ್ಕೆ ತಾನೇ ಬೈಂಡ್ ಹಾಕಿ ಕಳಿಸಿದ್ದ. ಹೆಸರು ಮೈಕೇಲ್ ಫ್ಯಾರಡೆ.

ಅದೇ 1812ರಲ್ಲಿ ಫೆಲ್ಲಿಂಗ್ ಅನ್ನೋ ಕಲ್ಲಿದ್ದಲ ಗಣಿಯಲ್ಲಿ ಸ್ಫೋಟವಾಗಿ 92 ಜನ ಸತ್ತರು. ಗಣಿಯೊಳಗಿನ ಮೀಥೇನ್‌ಗೆ ದೀಪದ ಉರಿ ತಾಗಿದರೆ ಮುಗೀತು. 1815ರಲ್ಲಿ ಡೇವಿ ಇದಕ್ಕೆ ದಾರಿ ಹುಡುಕಿದ. ಉರಿಯ ಸುತ್ತ ಸಣ್ಣ ಕಣ್ಣಿನ ತಂತಿಬಲೆ ಕಟ್ಟಿದರೆ ಬಲೆ ಶಾಖವನ್ನ ಹೀರಿಕೊಳ್ಳುತ್ತೆ, ಬೆಂಕಿ ಹೊರಗೆ ದಾಟಲ್ಲ. ಈ ದೀಪಕ್ಕೆ ಅವನು ಪೇಟೆಂಟ್ ತಗೊಳ್ಳಲಿಲ್ಲ. ಜಾರ್ಜ್ ಸ್ಟೀಫನ್‌ಸನ್ ಕೂಡ ಅದೇ ಹೊತ್ತಿಗೆ ಬೇರೆ ಥರದ ದೀಪ ಮಾಡಿದ್ದ, ಯಾರು ಮೊದಲು ಅಂತ ದೊಡ್ಡ ಜಗಳವೇ ಆಯ್ತು. 1820ರಲ್ಲಿ ಡೇವಿ ರಾಯಲ್ ಸೊಸೈಟಿಯ ಅಧ್ಯಕ್ಷನಾದ. ಮರಗೆಲಸದವನ ಮಗ ಇಂಗ್ಲೆಂಡಿನ ವಿಜ್ಞಾನದ ಅತಿ ಎತ್ತರದ ಕುರ್ಚಿಯಲ್ಲಿ ಕೂತ.

ಹಡಗಿನ ತಾಮ್ರ

ಈಗ ಬಂತು ನಮ್ಮ ತುಕ್ಕಿನ ವಿಷಯ. ಆ ಕಾಲದ ಹಡಗುಗಳೆಲ್ಲ ಮರದವು. ಸಮುದ್ರದ ಹುಳು ಮರವನ್ನ ಕೊರೆದು ಜರಡಿ ಮಾಡ್ತಿತ್ತು. ಅದಕ್ಕೇ ಬ್ರಿಟಿಷ್ ನೌಕಾಪಡೆ ಹಡಗಿನ ತಳಕ್ಕೆ ತಾಮ್ರದ ತಗಡು ಹೊಡೆಸ್ತಿತ್ತು. 1761ರಲ್ಲಿ ಅಲಾರ್ಮ್ ಅನ್ನೋ ಹಡಗಿಗೆ ಮೊದಲು ಹೊಡೆಸಿ ನೋಡಿದಾಗ ಹುಳು ಬರಲಿಲ್ಲ, ಆದರೆ ತಾಮ್ರಕ್ಕೆ ತಾಗಿದ ಕಬ್ಬಿಣದ ಮೊಳೆಗಳು ತಿಂದುಹೋಗಿದ್ದವು. ಹೇಲ್ ಬಂದರಿನ ಕಥೆಯೇ ಇಲ್ಲೂ.

ಇನ್ನೊಂದು ತೊಂದರೆ ತಾಮ್ರದ್ದೇ. ನಮ್ಮ ಮನೆಯ ತಾಮ್ರದ ಚೊಂಬಿಗೆ ಕಿಲುಬು ಹಿಡಿದರೆ ಹುಣಸೆಹುಳಿ ಹಾಕಿ ತಿಕ್ಕಿದ್ರೆ ಆಯ್ತು. ಹಡಗಿನ ತಳವನ್ನ ಸಮುದ್ರದ ಮಧ್ಯೆ ಯಾರು ತಿಕ್ತಾರೆ? ಉಪ್ಪುನೀರು ತಾಮ್ರವನ್ನ ಕರಗಿಸ್ತಾ ಹೋಗ್ತಿತ್ತು, ಕೆಲವು ವರ್ಷಕ್ಕೊಮ್ಮೆ ಇಡೀ ತಗಡು ಬದಲಿಸಬೇಕು. ಖರ್ಚು ತಡೆಯೋಕಾಗದೆ 1823ರಲ್ಲಿ ನೌಕಾಪಡೆ ರಾಯಲ್ ಸೊಸೈಟಿಯ ಬಾಗಿಲು ತಟ್ಟಿತು. ತಾಮ್ರ ಕಲಬೆರಕೆ ಇರಬಹುದು ಅನ್ನೋದು ಅವರ ಅನುಮಾನ.

ಡೇವಿ ಯೋಚಿಸಿದ್ದು ಕಲಬೆರಕೆ ಬಗ್ಗೆ ಅಲ್ಲ, ಕರೆಂಟ್ ಬಗ್ಗೆ. ತಾಮ್ರ, ಕಬ್ಬಿಣ ತಾಗಿಕೊಂಡು ಉಪ್ಪುನೀರಲ್ಲಿದ್ದರೆ ಅದೊಂದು ಬ್ಯಾಟರಿ. ಅದರಲ್ಲಿ ಕಬ್ಬಿಣ ಕರಗುತ್ತೆ, ತಾಮ್ರ ಉಳಿಯುತ್ತೆ. ಇದನ್ನ ಎಲ್ಲರೂ ತೊಂದರೆ ಅಂದುಕೊಂಡಿದ್ದರು. ಇವನು ಅದನ್ನೇ ಔಷಧಿ ಮಾಡಿದ. ತಾಮ್ರ ಉಳೀಬೇಕು ಅಂದ್ರೆ ಅದಕ್ಕೆ ಬೇಕಂತಲೇ ಒಂದು ಕಬ್ಬಿಣದ ಅಥವಾ ಸತುವಿನ ತುಂಡು ತಾಗಿಸಿ. ಆ ತುಂಡು ಕರಗಲಿ, ತಾಮ್ರ ಬದುಕಲಿ. ಪ್ರಯೋಗ ಮಾಡಿದಾಗ ಬಟಾಣಿ ಕಾಳಿನಷ್ಟು ಸತು ಅಥವಾ ಸಣ್ಣ ಮೊಳೆಯ ಮೊನೆಯಷ್ಟು ಕಬ್ಬಿಣ 40ರಿಂದ 50 ಚದರ ಇಂಚು ತಾಮ್ರವನ್ನ ಕಾಪಾಡ್ತು. ಸತು ತಾಮ್ರದ ಯಾವ ಮೂಲೆಗೆ ತಾಗಿದ್ದರೂ ಸಾಕಿತ್ತು. ನಮ್ಮ ಟೆಕ್ಸ್ಟ್‌ಬುಕ್‌ನಲ್ಲಿ ಸತುವಿನ ಪೊಟೆನ್ಷಿಯಲ್ ಮೈನಸ್ 0.76, ಕಬ್ಬಿಣದ್ದು ಮೈನಸ್ 0.44, ತಾಮ್ರದ್ದು ಪ್ಲಸ್ 0.34 ವೋಲ್ಟ್ ಅಂತ ಇದೆಯಲ್ಲ, ಆ ಟೇಬಲ್ ಇಲ್ಲದ ಕಾಲದಲ್ಲಿ ಅವನು ಇದನ್ನ ಕಂಡುಕೊಂಡ.

1824ರಲ್ಲಿ ಹಡಗುಗಳಿಗೆ ಈ ರಕ್ಷಕ ತುಂಡುಗಳನ್ನ ಹಾಕಿದರು. ಮೊದಲು ಹಾಕಿದವುಗಳಲ್ಲಿ ಒಂದು ಸಮರಾಂಗ್, ನಮ್ಮ ಪಕ್ಕದ ಕೊಚ್ಚಿಯಲ್ಲಿ ತೇಗದ ಮರದಿಂದ ಕಟ್ಟಿದ ಹಡಗು. ಅಟ್ಲಾಂಟಿಕ್ ದಾಟಿ ವಾಪಸ್ ಬಂದಾಗ ತಾಮ್ರ ಚೆನ್ನಾಗೇ ಉಳಿದಿತ್ತು. ಡೇವಿ ಗೆದ್ದೆ ಅಂದುಕೊಂಡ. ಅವನ ಮಾತಿನ ಮೇಲೆ ಇನ್ನೂ ಹಲವು ಹಡಗುಗಳಿಗೆ ತುಂಡು ಬಿತ್ತು.

ಸರಿಯಾದದ್ದೇ ತಪ್ಪಾದ ಕಥೆ

ಆಮೇಲೆ ಒಂದೊಂದೇ ಹಡಗು ವಾಪಸ್ ಬಂತು. ತಾಮ್ರ ಹೊಸದರ ಹಾಗಿತ್ತು. ಆದರೆ ಅದರ ಮೇಲೆ ಪಾಚಿ, ಕಡಲಕಳೆ, ಚಿಪ್ಪಿನ ಪ್ರಾಣಿಗಳು ದಪ್ಪಗೆ ಅಂಟಿಕೊಂಡು ಕೂತಿದ್ದವು. ಹಡಗು ಹೊಲದಲ್ಲಿ ಕೆಸರು ಮೆತ್ತಿದ ಚಕ್ರದ ಹಾಗೆ ನಿಧಾನ ಆಗಿತ್ತು. ಯುದ್ಧದ ಹಡಗು ನಿಧಾನ ಆಯ್ತು ಅಂದ್ರೆ ಸತ್ತ ಹಾಗೇ.

ಕಾರಣ ಇಷ್ಟೇ. ತಾಮ್ರ ಕರಗ್ತಿದ್ದಾಗ ಅದರ ಅಯಾನುಗಳು ನೀರಿಗೆ ಸೇರಿ ಪಾಚಿಗೂ ಚಿಪ್ಪಿಗೂ ವಿಷ ಆಗ್ತಿದ್ದವು. ಹಡಗಿನ ತಳ ಕ್ಲೀನಾಗಿ ಇದ್ದದ್ದೇ ತಾಮ್ರ ತಿಂದುಹೋಗ್ತಿದ್ದರಿಂದ. ಡೇವಿ ತಾಮ್ರ ಕರಗೋದನ್ನ ನಿಲ್ಲಿಸಿದ, ಜೊತೆಗೆ ವಿಷವೂ ನಿಂತುಹೋಯ್ತು. ಸಾಲದ್ದಕ್ಕೆ ರಕ್ಷಣೆ ಸಿಕ್ಕ ತಾಮ್ರದ ಮೇಲೆ ಸಮುದ್ರದ ನೀರಿನ ಸುಣ್ಣದಂಥ ಪದರ ಕೂತು, ಜೀವಿಗಳಿಗೆ ಹಿಡಿದುಕೊಳ್ಳೋಕೆ ಒಳ್ಳೆ ನೆಲ ಸಿಕ್ಕಿತು. 1825ರಲ್ಲಿ ನೌಕಾಪಡೆ ಸಮುದ್ರಕ್ಕೆ ಹೋಗುವ ಹಡಗುಗಳಿಂದ ತುಂಡುಗಳನ್ನ ತೆಗೀರಿ ಅಂತ ಆದೇಶ ಹೊರಡಿಸಿತು.

ಡೇವಿಗೆ ಇದು ಸಹಿಸೋಕಾಗಲಿಲ್ಲ. ಪತ್ರಿಕೆಗಳಲ್ಲಿ ಗೇಲಿ, ಸೊಸೈಟಿಯೊಳಗೇ ಅಸಮಾಧಾನ. ಅವನ ಸ್ವಭಾವವೂ ಸುಲಭದ್ದಲ್ಲ. ತಾನೇ ಕೈಹಿಡಿದು ಮೇಲೆ ತಂದಿದ್ದ ಫ್ಯಾರಡೆ 1824ರಲ್ಲಿ ರಾಯಲ್ ಸೊಸೈಟಿಗೆ ಆಯ್ಕೆ ಆಗೋವಾಗ ಅಡ್ಡ ನಿಂತವನು ಇದೇ ಡೇವಿ. ಫ್ಯಾರಡೆ ಆಯ್ಕೆ ಆದ, ಇಬ್ಬರ ಮಧ್ಯೆ ಮೊದಲಿನ ಸಲುಗೆ ಉಳಿಯಲಿಲ್ಲ. ಲೋಹಕ್ಕೆ ಹಿಡಿಯೋ ತುಕ್ಕಿಗೆ ಔಷಧಿ ಹುಡುಕಿದವನಿಗೆ ಸ್ನೇಹಕ್ಕೆ ಹಿಡಿಯೋ ತುಕ್ಕಿಗೆ ಔಷಧಿ ಸಿಗಲಿಲ್ಲ.

1826ರ ಕೊನೆಗೆ ಪಾರ್ಶ್ವವಾಯು ಹೊಡೀತು. 1827ರಲ್ಲಿ ಅಧ್ಯಕ್ಷ ಸ್ಥಾನ ಬಿಟ್ಟ. ಕೊನೆಯ ವರ್ಷಗಳನ್ನ ಯುರೋಪ್ ಸುತ್ತುತ್ತಾ, ಮೀನು ಹಿಡೀತಾ, ಪುಸ್ತಕ ಬರೀತಾ ಕಳೆದ. 1829ರ ಮೇ 29ರಂದು ಜಿನೀವಾದಲ್ಲಿ ತೀರಿಕೊಂಡ. ವಯಸ್ಸು ಬರೀ 50. ಸಮಾಧಿಯೂ ಅಲ್ಲೇ.

ಪಿಕಪ್ ಟಾಪ್‌ಗೆ ಬಂದ ಸತು

ಡೇವಿ ಸತ್ತ ಎಂಟು ವರ್ಷಕ್ಕೆ, 1837ರಲ್ಲಿ, ಫ್ರಾನ್ಸಿನ ಸೊರೆಲ್ ಅನ್ನೋ ಎಂಜಿನಿಯರ್ ಕಬ್ಬಿಣವನ್ನ ಕರಗಿದ ಸತುವಿನಲ್ಲಿ ಅದ್ದಿ ತೆಗೆಯೋದಕ್ಕೆ ಪೇಟೆಂಟ್ ತಗೊಂಡ. ಅದೇ ಇವತ್ತಿನ ಗ್ಯಾಲ್ವನೈಸಿಂಗ್. ಆಮೇಲೆ ಹಡಗುಗಳು ಉಕ್ಕಿನವಾದವು. ಉಕ್ಕಿನಿಂದ ವಿಷ ಬರೋದು ಹೇಗೂ ಇಲ್ಲ, ಹಾಗಾಗಿ ಪಾಚಿಗೆ ಬೇರೆ ಪೇಂಟ್, ತುಕ್ಕಿಗೆ ಸತುವಿನ ತುಂಡು ಅಂತ ಎರಡು ಕೆಲಸ ಬೇರೆ ಬೇರೆ ಆದವು. ಡೇವಿಯ ಐಡಿಯಾ ಈಗ ಯಾವ ತಕರಾರೂ ಇಲ್ಲದೆ ನಡೀತು. ಇವತ್ತು ಹಡಗು, ನೆಲದೊಳಗಿನ ಪೈಪ್‌ಲೈನ್, ಗೀಸರ್ ಒಳಗಿನ ಮೆಗ್ನೀಷಿಯಂ ರಾಡ್, ಎಲ್ಲ ಕಡೆ ಅವನೇ ಇದ್ದಾನೆ.

ಹಾಗಾದ್ರೆ ಪಿಕಪ್ ಟಾಪ್‌ಗೂ ಒಂದು ಸತುವಿನ ತುಂಡು ಬೋಲ್ಟ್ ಮಾಡಿದ್ರೆ ಸಾಕಲ್ವಾ? ವೈವಾದಲ್ಲಿ ಕೇಳೋಕೆ ಒಳ್ಳೆ ಪ್ರಶ್ನೆ ಇದು. ಸಾಕಾಗಲ್ಲ. ಡೇವಿಯ ಬ್ಯಾಟರಿಗೆ ಎರಡು ದಾರಿ ಬೇಕು: ಲೋಹದಿಂದ ಲೋಹಕ್ಕೆ ಎಲೆಕ್ಟ್ರಾನ್ ಹೋಗೋ ದಾರಿ, ನೀರಲ್ಲಿ ಅಯಾನ್ ಹೋಗೋ ದಾರಿ. ಹಡಗು ಇಡೀ ದಿನ ಸಮುದ್ರದಲ್ಲಿ ಮುಳುಗಿರುತ್ತೆ, ಎರಡನೇ ದಾರಿ ಯಾವಾಗಲೂ ತೆರೆದಿರುತ್ತೆ. ಗಾಡಿಯ ಟಾಪ್ ಮೇಲೆ ಇರೋದು ಅಲ್ಲೊಂದು ಇಲ್ಲೊಂದು ಹನಿ. ಆ ಮೂಲೆಯ ಸತು ಈ ಮೂಲೆಯ ಹನಿಗೆ ಸಹಾಯ ಮಾಡೋಕಾಗಲ್ಲ. ಅದಕ್ಕೇ ಸತುವನ್ನ ಮೈತುಂಬ ಹರಡಬೇಕು, ಅಂದ್ರೆ ಗ್ಯಾಲ್ವನೈಸ್ ಮಾಡಬೇಕು, ಇಲ್ಲ ಸತು ತುಂಬಿದ ಪ್ರೈಮರ್ ಹೊಡೀಬೇಕು.

ಇದು ಗೊತ್ತಿದ್ದರೆ ಶೆಡ್‌ನಲ್ಲಿ ನಡೆಯೋ ಒಂದೊಂದು ಹೆಜ್ಜೆಗೂ ಅರ್ಥ ಸಿಗುತ್ತೆ. ಟಾಪ್‌ನ ಅಂಚಲ್ಲಿ ಮಳೆನೀರು ಹರಿಯೋ ಕಾಲುವೆಯ ಜಾಗದಲ್ಲಿ ಎರಡು ತಗಡು ಸೇರುತ್ತೆ. ಅಲ್ಲಿನ ಸೀಲೆಂಟ್ ಬಿಸಿಲಿಗೆ ಒಣಗಿ ಬಿರುಕು ಬಿಟ್ಟರೆ ನೀರು ಒಳಗೆ ನಿಲ್ಲುತ್ತೆ. ತುಕ್ಕು ಕಬ್ಬಿಣಕ್ಕಿಂತ ಜಾಸ್ತಿ ಜಾಗ ಹಿಡಿಯೋದ್ರಿಂದ ಬಣ್ಣ ಗುಳ್ಳೆ ಏಳುತ್ತೆ. ಗುಳ್ಳೆ ಎಷ್ಟು ಕಾಣುತ್ತೋ ಅದಕ್ಕಿಂತ ದೂರದವರೆಗೆ ಕೆರೆದು ಹೊಳೆಯೋ ತಗಡು ಕಾಣಿಸಬೇಕು. ಒಳಗಡೆಯ ರೂಫ್ ಬಟ್ಟೆ ಬಿಚ್ಚಿ ಕೆಳಗಿಂದಲೂ ನೋಡಬೇಕು. ಸ್ಕ್ರೂಡ್ರೈವರ್ ಮೊನೆಯಿಂದ ಚುಚ್ಚಿದಾಗ ತೂತು ಬಿದ್ದರೆ ಆ ಭಾಗವನ್ನ ಗಟ್ಟಿ ತಗಡು ಸಿಗೋವರೆಗೆ ಕತ್ತರಿಸಿ, ಅದೇ ದಪ್ಪದ ಪ್ಯಾಚ್ ಹಾಕಬೇಕು. ಟಾಪ್ ಅಗಲವಾದ ತೆಳು ತಗಡು, ಒಂದೇ ಕಡೆ ಉದ್ದಕ್ಕೆ ವೆಲ್ಡ್ ಎಳೆದರೆ ಶಾಖಕ್ಕೆ ಹಪ್ಪಳದ ಹಾಗೆ ಸೊಟ್ಟ ಆಗುತ್ತೆ. ಅದಕ್ಕೇ ಇಲ್ಲೊಂದು ಚುಕ್ಕೆ, ದೂರ ಅಲ್ಲೊಂದು ಚುಕ್ಕೆ ಹಾಕಿ, ಆರೋಕೆ ಬಿಟ್ಟು, ಮಧ್ಯೆ ತುಂಬ್ತಾರೆ. ಸತು ಇರೋ ತಗಡನ್ನ ವೆಲ್ಡ್ ಮಾಡೋವಾಗ ಬರೋ ಬಿಳಿ ಹೊಗೆ ಜ್ವರ ಬರಿಸುತ್ತೆ, ಮಾಸ್ಕ್ ಬೇಕೇ ಬೇಕು.

ಆಮೇಲೆ ಸತುವಿನ ಪ್ರೈಮರ್ ನೇರವಾಗಿ ಬರೀ ಲೋಹದ ಮೇಲೇ ಬೀಳಬೇಕು. ತುಕ್ಕಿನ ಮೇಲೋ, ಹಳೇ ಬಣ್ಣದ ಮೇಲೋ, ಪುಟ್ಟಿಯ ಮೇಲೋ ಹೊಡೆದರೆ ಎಲೆಕ್ಟ್ರಾನ್ ಹೋಗೋ ದಾರಿಯೇ ಇಲ್ಲ, ಅದು ಬರೀ ಬೂದು ಬಣ್ಣ ಅಷ್ಟೇ. ಅದರ ಮೇಲೆ ಎಪಾಕ್ಸಿ, ಜಾಯಿಂಟಿಗೆ ಹೊಸ ಸೀಲೆಂಟ್, ಬೇಕಾದಲ್ಲಿ ತೆಳುವಾಗಿ ಪುಟ್ಟಿ, ಕೊನೆಗೆ ಬಣ್ಣ. ಕೆಳಗಿನ ತುಕ್ಕು ಹಾಗೇ ಬಿಟ್ಟು ಮೇಲೆ ಪುಟ್ಟಿ ಮೆತ್ತಿದ ಟಾಪ್ ಒಂದೆರಡು ಮಳೆಗಾಲದಲ್ಲೇ ಮತ್ತೆ ಗುಳ್ಳೆ ಏಳುತ್ತೆ. ಕರಾವಳಿಯ ಉಪ್ಪುಗಾಳಿಯಲ್ಲಂತೂ ಇನ್ನೂ ಬೇಗ.

ಡೇವಿಯ ಹಡಗುಗಳಿಂದ ನನಗೆ ಸಿಕ್ಕ ಪಾಠ ಇದು. ಅವನ ಕೆಮಿಸ್ಟ್ರಿಯಲ್ಲಿ ತಪ್ಪಿರಲಿಲ್ಲ. ಕೇಳಿದ ಪ್ರಶ್ನೆಗೆ ಸರಿಯಾದ ಉತ್ತರವನ್ನೇ ಕೊಟ್ಟ. ಆದರೆ ತಾಮ್ರ ಕರಗೋದರಿಂದ ಹಡಗಿಗೆ ಏನು ಉಪಕಾರ ಆಗ್ತಿದೆ ಅನ್ನೋದನ್ನ ಯಾರೂ ಕೇಳಿರಲಿಲ್ಲ, ಬಂದರಿನ ಬೀಕರ್ ನೀರಲ್ಲಿ ಅದು ಕಾಣುವಂಥದ್ದೂ ಆಗಿರಲಿಲ್ಲ. ನಾವು ಪ್ರಾಜೆಕ್ಟ್‌ಗಳಲ್ಲಿ ಯಾವುದೋ ಒಂದು ತೊಂದರೆಯನ್ನ ತೆಗೆದುಹಾಕೋ ಮೊದಲು ಆ ತೊಂದರೆ ಬೇರೆ ಏನನ್ನ ಹಿಡಿದು ನಿಲ್ಲಿಸಿದೆ ಅಂತ ಒಮ್ಮೆ ನೋಡಬೇಕು. ಇನ್ನೊಂದು ಮಾತೂ ಇದೆ. ಒಂದು ಐಡಿಯಾ ಒಂದು ಜಾಗದಲ್ಲಿ ಸೋತಿತು ಅಂದ ಮಾತ್ರಕ್ಕೆ ಅದು ಸುಳ್ಳಲ್ಲ. ತಾಮ್ರದ ಹಡಗಿಗೆ ಬೇಡವಾದ ಸತು ಉಕ್ಕಿನ ಹಡಗಿಗೆ ಬೇಕಾಯ್ತು, ಸೇತುವೆಗೆ ಬೇಕಾಯ್ತು, ತರಕಾರಿ ಹೊರುವ ಪಿಕಪ್ ಗಾಡಿಯ ನೆತ್ತಿಗೂ ಬೇಕಾಯ್ತು. ಅದನ್ನೆಲ್ಲ ನೋಡೋಕೆ ಡೇವಿ ಇರಲಿಲ್ಲ ಅಷ್ಟೇ.